ಹೆಗಲು ಮುಟ್ಟಿಕೊಂಡವಳು

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಈ ಗಾದೆ ಕಟ್ಟಿದ ಪುಣ್ಯಾತ್ಮ ಹೆಗಲು ನೋವಿದ್ದವರನ್ನು ಜನ್ಮದಲ್ಲಿ ನೋಡಿರಲಿಕ್ಕಿಲ್ಲ, ನೋಡಿದ್ದರೆ ಅಷ್ಟು ಸಲೀಸಾಗಿ ತೀರ್ಪು ಕೊಡುತ್ತಿರಲಿಲ್ಲ. ಆದರೆ ದೊಡ್ಡಕ್ಕನಿಗೆ ಗಾದೆಯ ಮೇಲೆ ಪೂರ್ತಿ ಭರವಸೆ. ಮೂರು ತಿಂಗಳಿಂದ ತಂಗಿ ದಿನಕ್ಕೆ ಹತ್ತು ಸಲ ತನ್ನ ಬಲ ಹೆಗಲು ಮುಟ್ಟಿಕೊಳ್ಳುತ್ತಿದ್ದಳು. ಕುಂಬಳಕಾಯಿ ಎಲ್ಲಿ ಬಚ್ಚಿಟ್ಟಿದ್ದಾಳೆ ಅಂತ ದೊಡ್ಡಕ್ಕ ಹುಡುಕುತ್ತಿದ್ದಳು.

ಅಕ್ಕತಂಗಿಯರದು ಹೆಂಗಸರ ಕೂದಲು ಕತ್ತರಿಸಿ ಸಿಂಗರಿಸುವ ಅಂಗಡಿ. ಎರಡು ಕುರ್ಚಿ, ಎದುರಿಗೆ ಗೋಡೆಯುದ್ದಕ್ಕೂ ಕನ್ನಡಿ. ಹಿಂದಿನ ಮೂಲೆಯಲ್ಲಿ ತಲೆ ತೊಳೆಯುವ ತೊಟ್ಟಿ, ಆ ಮೂಲೆ ಕಾಣಲೆಂದು ಹಿಂಗೋಡೆಗೆ ಹಾಕಿದ ಒಂದು ದುಂಡು ಕನ್ನಡಿ. ಅಮ್ಮ ತೀರಿಕೊಂಡ ವರ್ಷ ಇಬ್ಬರೂ ಸೇರಿ ಶುರು ಮಾಡಿದ್ದು, ಈಗ ಹದಿನಾಲ್ಕು ವರ್ಷ. ವಾಸ ಅಂಗಡಿಯ ಮೇಲಿನ ಎರಡು ಕೋಣೆಯಲ್ಲೇ. ಗಿರಾಕಿಗಳು ಒಬ್ಬಳನ್ನು ದೊಡ್ಡಕ್ಕ ಅಂತಲೂ ಇನ್ನೊಬ್ಬಳನ್ನು ಚಿಕ್ಕಕ್ಕ ಅಂತಲೂ ಕರೆದು ಕರೆದು, ಅವರ ನಿಜವಾದ ಹೆಸರು ಬೀದಿಗೆ ಮರೆತೇಹೋಗಿತ್ತು. ವಯಸ್ಸಿನ ಲೆಕ್ಕ ಬಿಟ್ಟರೂ ಆ ಹೆಸರುಗಳು ಒಪ್ಪುತ್ತಿದ್ದವು. ದೊಡ್ಡಕ್ಕ ಬಾಗಿಲು ದಾಟುವಾಗ ತಲೆ ಬಗ್ಗಿಸಬೇಕು. ಚಿಕ್ಕಕ್ಕ ಅವಳ ಹೆಗಲಿನವರೆಗೂ ಬರುತ್ತಿರಲಿಲ್ಲ.

ಅನುಮಾನ ದೊಡ್ಡಕ್ಕನಿಗೆ ಹುಟ್ಟುಗುಣ. ಶಾಂಪೂ ಬಾಟಲಿಗೆ ಪೆನ್ನಿನಲ್ಲಿ ಗೆರೆ ಎಳೆದಿಡುತ್ತಿದ್ದಳು. "ಸುಮ್ನೆ ತುದಿ ಕತ್ತರಿಸಿ ಸಾಕು" ಅನ್ನುವ ಗಿರಾಕಿ ಬೇರೆ ಕಡೆ ಹೋಗಿ ಕೆಡಿಸಿಕೊಂಡು ಬಂದಿದ್ದಾಳೆ ಅಂತಲೇ ಅವಳ ನಂಬಿಕೆ, ಮತ್ತು ಸುಳ್ಳೇಕೆ, ಅರ್ಧ ಸಲ ಅದು ನಿಜವೂ ಆಗಿರುತ್ತಿತ್ತು. ಇದರ ಮೇಲೆ ನಾಲ್ಕು ವರ್ಷದ ಹಿಂದೆ ಒಂದು ಪೆಟ್ಟೂ ಬಿದ್ದಿತ್ತು. ಆಗ ಮೂರನೇ ಕುರ್ಚಿಯೊಂದಿತ್ತು, ಅದಕ್ಕೊಬ್ಬ ಕೆಲಸದವಳಿದ್ದಳು. ಅವಳಿಗೆ ಸೊಂಟನೋವು ಬಂತು, ರಜೆ ಬಂತು, ಕೊನೆಗೆ ಎರಡು ಬೀದಿ ಆಚೆ ಸ್ವಂತ ಅಂಗಡಿಯೇ ಬಂತು. ಗಿರಾಕಿಗಳ ಫೋನ್ ನಂಬರು ಬರೆದ ಪುಸ್ತಕ ಅವಳ ಜೊತೆಗೇ ಹೋಯಿತು. ಬಿಸಿ ಹಾಲು ಕುಡಿದು ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ. ದೊಡ್ಡಕ್ಕ ನೀರನ್ನೂ ಊದತೊಡಗಿದಳು.

ಹಾಗಾಗಿ ಒಂದು ಬೆಳಿಗ್ಗೆ ಚಿಕ್ಕಕ್ಕ ಡ್ರೈಯರ್ ಕೆಳಗಿಟ್ಟು "ಅಕ್ಕ, ಯಾಕೋ ಕೈ ಎತ್ತಿದ್ರೆ ರಟ್ಟೆ ಹತ್ರ ಚುಚ್ಚಿದ ಹಾಗಾಗುತ್ತೆ" ಅಂದಾಗ, ದೊಡ್ಡಕ್ಕನ ಬಾಯಿಂದ ಅಯ್ಯೋ ಪಾಪ ಅನ್ನುವ ಮಾತು ಬರಲಿಲ್ಲ.

"ಯಾವಾಗಿಂದ?" ಅಂದಳು. ಪೊಲೀಸರು ಕೇಳುವುದೂ ಅದೇ ಪ್ರಶ್ನೆ, ಅದೇ ಧಾಟಿ.

ಅಂದಿನಿಂದ ಅವಳು ಸಾಕ್ಷಿ ಕೂಡಿಹಾಕಲು ಕೂತಳು. ಮೊದಲ ಸಾಕ್ಷಿ ಟವೆಲ್. ಒಗೆದ ಟವೆಲ್‌ಗಳನ್ನು ಇಡುತ್ತಿದ್ದದ್ದು ಕಪಾಟಿನ ತುತ್ತತುದಿಯ ಹಲಗೆಯ ಮೇಲೆ. ಎದೆಯ ಮಟ್ಟಕ್ಕೆ ಡ್ರೈಯರ್ ಹಿಡಿದರೆ ಐದು ನಿಮಿಷಕ್ಕೆ ಮುಖ ಕಿವುಚುವ ತಂಗಿ, ಅದೇ ಕೈಯನ್ನು ಸರಕ್ಕನೆ ಮೇಲಕ್ಕೆ ಎಸೆದಂತೆ ಎತ್ತಿ, ಬೆರಳ ತುದಿಯಿಂದ ಟವೆಲ್ ತಡಕಾಡುತ್ತಾ ನಿಲ್ಲುತ್ತಿದ್ದಳು. ಮುಖದಲ್ಲಿ ನೋವಿನ ಸುಳಿವೇ ಇಲ್ಲ. ಟವೆಲ್ ಹಿಡಿದು ಕೈ ಇಳಿಸುವಾಗ ಅರ್ಧ ದಾರಿಯಲ್ಲಿ ಮತ್ತೆ "ಸ್ಸ್" ಅನ್ನುವಳು. ಎತ್ತುವಾಗ ನಟನೆ ಮರೆತುಹೋಗುತ್ತದೆ, ಇಳಿಸುವಾಗ ನೆನಪಾಗುತ್ತದೆ ಅಂತ ದೊಡ್ಡಕ್ಕ ಮನಸ್ಸಿನಲ್ಲೇ ಗುರುತು ಹಾಕಿಕೊಂಡಳು. ಗೋಣಿಚೀಲ ಹೊರಲಾರದವನು ಬೆಟ್ಟ ಹೊತ್ತಂತೆ ಆಯಿತಲ್ಲ ಇದು!

ಎರಡನೆಯ ಸಾಕ್ಷಿ ಇನ್ನೂ ಗಟ್ಟಿ. ಒಂದು ಮಧ್ಯಾಹ್ನ ದೊಡ್ಡಕ್ಕ ಗಿರಾಕಿಯೊಬ್ಬಳ ಮುಂಗುರುಳು ಸರಿಮಾಡುತ್ತಾ ಎದುರಿನ ಕನ್ನಡಿ ನೋಡಿದಳು. ಅದರೊಳಗೆ ಹಿಂಗೋಡೆಯ ದುಂಡು ಕನ್ನಡಿ ಕಾಣುತ್ತಿತ್ತು, ಆ ದುಂಡು ಕನ್ನಡಿಯೊಳಗೆ ತೊಟ್ಟಿಯ ಮುಂದೆ ಒಂಟಿಯಾಗಿ ಕೂತ ತಂಗಿ. ಯಾರೂ ನೋಡುತ್ತಿಲ್ಲ ಅಂದುಕೊಂಡು ಹೆಗಲು ಒತ್ತಿಕೊಳ್ಳುತ್ತಿದ್ದಾಳೆ, ಕಣ್ಣು ಒದ್ದೆ. ದೊಡ್ಡಕ್ಕನಿಗೆ ಒಂದು ಗಳಿಗೆ ಪಾಪ ಅನ್ನಿಸಿದ್ದು ನಿಜ. ಮರುಗಳಿಗೆಗೇ ಅವಳ ಕೈಯ ಕತ್ತರಿ ನಿಂತಿತು. ಒತ್ತಿಕೊಳ್ಳುತ್ತಿದ್ದದ್ದು ಎಡ ಹೆಗಲು! ಕಸುಬಿನವಳಿಗೆ ಕನ್ನಡಿಯ ಎಡಬಲ ಯಾರೂ ಹೇಳಿಕೊಡಬೇಕಾಗಿಲ್ಲ. ಕನ್ನಡಿಯಲ್ಲಿ ಬಲಗಡೆ ಕಂಡದ್ದು ನಿಜದಲ್ಲಿ ಎಡಗಡೆ. ಹದಿನಾಲ್ಕು ವರ್ಷ ಕನ್ನಡಿ ನೋಡಿಯೇ ಕೂದಲು ಕತ್ತರಿಸಿದವಳಿಗೆ ಆ ಲೆಕ್ಕ ರೆಪ್ಪೆ ಬಡಿಯುವುದರೊಳಗೆ ಆಗುತ್ತದೆ. ಬಲ ಹೆಗಲು ನೋವು ಅನ್ನುವವಳು ಎಡ ಹೆಗಲು ಹಿಡಿದುಕೊಂಡು ಅಳುತ್ತಾಳೆ ಅಂದರೆ ಏನರ್ಥ? ಯಾವ ಕಡೆಯ ನೋವು ಅಂತ ಅವಳಿಗೇ ಮರೆತುಹೋಗಿದೆ!

ಮೂರನೆಯದನ್ನು ಹುಡುಕಿಕೊಂಡು ದೊಡ್ಡಕ್ಕನೇ ಹೋದಳು. ಮಂಗಳವಾರ ಅಂಗಡಿಗೆ ಅರ್ಧ ದಿನ ರಜೆ. ಚಿಕ್ಕಕ್ಕ "ಸ್ವಲ್ಪ ಹೊರಗೆ ಹೋಗ್ಬರ್ತೀನಿ" ಅಂತ ಹೊರಟವಳು ಬಸ್ ಸ್ಟಾಪಿನ ಎದುರಿಗೆ ಹೊಸದಾಗಿ ಬಂದಿದ್ದ ನೀಲಿ ಬಾಗಿಲಿನ ಅಂಗಡಿಯೊಳಗೆ ಹೊಕ್ಕಳು. ಅದೂ ಕೂದಲಿನ ಅಂಗಡಿಯೇ. ಆರು ಅಡಿ ಹತ್ತಿರದ ಹೆಂಗಸು ಬಸ್ ಸ್ಟಾಪಿನ ಕಂಬದ ಹಿಂದೆ ಅವಿತುಕೊಳ್ಳುವ ಚಂದ ನೋಡಬೇಕಿತ್ತು. ಅಲ್ಲಿಂದಲೇ ಗಾಜಿನೊಳಗೆ ಕಂಡಿತು. ನೀಲಿ ಬಾಗಿಲಿನ ಒಡತಿ ಖಾಲಿ ಕುರ್ಚಿಯೊಂದನ್ನು ತೋರಿಸುತ್ತಿದ್ದಾಳೆ. ತಂಗಿ ಅದರ ಹಿಂದೆ ನಿಂತು, ಕೈಯಲ್ಲಿ ಕತ್ತರಿ ಇದ್ದವಳ ಹಾಗೆ ಗಾಳಿಯಲ್ಲಿ ಆಡಿಸುತ್ತಾ ನಗುತ್ತಿದ್ದಾಳೆ. ಇಬ್ಬರೂ ಏನೋ ಮಾತಾಡಿಕೊಂಡು ತಲೆಯಾಡಿಸಿದರು.

ದೊಡ್ಡಕ್ಕನಿಗೆ ಕೋಪ ಬರಬೇಕಿತ್ತು, ಬಂದದ್ದು ಭಯ. ಕೆಲಸದವಳು ಹೋದರೆ ಗಿರಾಕಿ ಹೋಗುತ್ತಾರೆ, ಅಷ್ಟೆ. ತಂಗಿ ಹೋದರೆ ಆ ಎರಡು ಕೋಣೆಯಲ್ಲಿ ಇನ್ನು ಯಾರಿದ್ದಾರೆ? ಬೆಳಿಗ್ಗೆ ಎದ್ದು ಯಾರನ್ನು ಬೈಯುವುದು? ಆ ಭಯವನ್ನು ಬಾಯಿಬಿಟ್ಟು ಹೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ದೊಡ್ಡಕ್ಕ ಹೇಳುವ ಜಾತಿಯವಳಲ್ಲ, ಪರೀಕ್ಷೆ ಮಾಡುವ ಜಾತಿಯವಳು.

ಪರೀಕ್ಷೆಗೆ ಸಂದರ್ಭವೂ ಒದಗಿಬಂತು. ನೃತ್ಯ ತಂಡವೊಂದರ ಎಂಟು ಹುಡುಗಿಯರು ಒಂದೇ ಬೆಳಿಗ್ಗೆ ತುರುಬು ಕಟ್ಟಿಸಿಕೊಳ್ಳಲು ಬರುವವರಿದ್ದರು. ತಲಾ ನಲವತ್ತು ಪಿನ್ನು, ಪೂರ್ತಿ ಕೈ ಎತ್ತಿಕೊಂಡೇ ಮಾಡುವ ಕೆಲಸ. ಇಬ್ಬರು ಹಂಚಿಕೊಂಡರೂ ಬೆವರಿಳಿಯುತ್ತದೆ. ಅಂದು ದೊಡ್ಡಕ್ಕ ಬೆಳಿಗ್ಗೆಯೇ "ನಂಗೆ ಬ್ಯಾಂಕಿನಲ್ಲಿ ಕೆಲ್ಸ ಇದೆ, ನೀನೇ ನೋಡ್ಕೋ" ಅಂತ ಹೊರಟುಬಿಟ್ಟಳು. ಬ್ಯಾಂಕೂ ಇರಲಿಲ್ಲ, ಬಸವನೂ ಇರಲಿಲ್ಲ. ಎದುರು ಬೀದಿಯ ಟೀ ಅಂಗಡಿಯಲ್ಲಿ ಕೂತು ನೋಡುತ್ತಿದ್ದಳು. ನೋವು ನಿಜವಾಗಿದ್ದರೆ ಕೆಲಸ ಬಿಟ್ಟು ಫೋನ್ ಮಾಡುತ್ತಾಳೆ, ಸುಳ್ಳಾಗಿದ್ದರೆ ಮಾಡಿ ಮುಗಿಸುತ್ತಾಳೆ. ಇದು ಅವಳ ತರ್ಕ. ಹಟ ಅನ್ನುವ ಮೂರನೆಯ ವಸ್ತು ಅವಳ ಲೆಕ್ಕಕ್ಕೆ ಬರಲೇ ಇಲ್ಲ.

ಫೋನ್ ಬರಲಿಲ್ಲ. ಎಂಟೂ ಹುಡುಗಿಯರು ಒಬ್ಬೊಬ್ಬರಾಗಿ ತುರುಬು ಹೊತ್ತು ಹೊರಬಂದರು. ಸಿಕ್ಕಿಬಿದ್ದೆ ಮಗಳೇ ಅಂತ ದೊಡ್ಡಕ್ಕ ಒಳಗೆ ಹೋದರೆ, ಚಿಕ್ಕಕ್ಕ ನೆಲದ ಮೇಲೆ ಕೂತು ಬಿದ್ದ ಪಿನ್ನುಗಳನ್ನು ಎಡಗೈಯಲ್ಲಿ ಹೆಕ್ಕುತ್ತಿದ್ದಳು. ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಮುಖ ಬೂದಿಬಣ್ಣಕ್ಕೆ ತಿರುಗಿತ್ತು.

"ನಾಳೆ ಡಾಕ್ಟರ ಹತ್ರ ಹೋಗ್ತೀನಿ" ಅಂದಳು.

"ನಾನೂ ಬರ್ತೀನಿ" ಅಂದಳು ದೊಡ್ಡಕ್ಕ. ಪ್ರೀತಿಯಿಂದ ಅಲ್ಲ. ಡಾಕ್ಟರನ್ನೂ ಯಾಮಾರಿಸಿಬಿಟ್ಟಾಳು ಅಂತ.

ಮೂಳೆ ಆಸ್ಪತ್ರೆಯಲ್ಲಿ ಭುಜ ನೋಡುತ್ತಿದ್ದವಳು ಒಬ್ಬ ನಡುವಯಸ್ಸಿನ ಡಾಕ್ಟರಮ್ಮ. ಮಾತು ಕಡಿಮೆ. ಮೊದಲು ಚಿಕ್ಕಕ್ಕನ ಕತ್ತನ್ನು ಆ ಕಡೆ ಈ ಕಡೆ ತಿರುಗಿಸಿ, ಬೆರಳು ಜುಮ್ ಅನ್ನುತ್ತದೆಯೇ ಅಂತ ಕೇಳಿದಳು. ಇಲ್ಲ. ಆಮೇಲೆ ಕೈಯನ್ನು ಸಡಿಲ ಬಿಡಿಸಿ, ತಾನೇ ಹಿಡಿದು ನಿಧಾನವಾಗಿ ಮೇಲಕ್ಕೆ ಒಯ್ದಳು. ಕೈ ಪೂರ್ತಿ ಹೋಯಿತು. "ಭುಜ ಬಿಗಿದುಕೊಂಡಿಲ್ಲ, ಒಳ್ಳೇದು" ಅಂದಳು. "ಈಗ ನೀವೇ ಪಕ್ಕದಿಂದ ಎತ್ತಿ."

ಚಿಕ್ಕಕ್ಕ ಎತ್ತಿದಳು. ಎದೆಯ ಮಟ್ಟಕ್ಕೆ ಬರುವ ಮುಂಚೆಯೇ ಮುಖ ಕಿವುಚಿತು, ಕಿವಿಯ ಮಟ್ಟ ದಾಟುವವರೆಗೂ ಹಾಗೇ ಇತ್ತು. ಅಲ್ಲಿಂದ ಮೇಲೆ ಹೋದಂತೆ ಮುಖ ತಿಳಿಯಾಯಿತು.

ದೊಡ್ಡಕ್ಕ ಕುರ್ಚಿಯಿಂದ ಎದ್ದೇಬಿಟ್ಟಳು. "ನೋಡಿದ್ರಾ ಡಾಕ್ಟರಮ್ಮ? ಪೂರ್ತಿ ಎತ್ತಿದ್ರೆ ನೋವೇ ಇಲ್ಲ! ಅರ್ಧಕ್ಕೆ ಎತ್ತಿದ್ರೆ ಮಾತ್ರ ಇವಳಿಗೆ ನೋವು! ಮೂರು ತಿಂಗಳಿಂದ ನೋಡ್ತಿದೀನಿ."

ಡಾಕ್ಟರಮ್ಮ ಪೆನ್ನು ತೆಗೆದಳು. "ಮೂರು ತಿಂಗಳಿಂದಾನಾ? ಹೇಳಿ, ಇನ್ನೇನು ನೋಡಿದ್ರಿ?"

ಕೇಳುವವರು ಸಿಕ್ಕರೆ ಬಿಡುತ್ತಾಳೆಯೇ? ದೊಡ್ಡಕ್ಕ ಸಾಕ್ಷಿಯ ಗಂಟು ಬಿಚ್ಚಿದಳು. ಟವೆಲ್ ಎಸೆದಂತೆ ಎತ್ತಿ ತೆಗೆಯುವುದು, ಇಳಿಸುವಾಗ ಅರ್ಧ ದಾರಿಯಲ್ಲಿ ಸ್ಸ್ ಅನ್ನುವುದು, ಡ್ರೈಯರ್ ಹಿಡಿದರೆ ಐದು ನಿಮಿಷ ತಡೆಯದೆ ಇರುವುದು, ಬಲಮಗ್ಗುಲಿಗೆ ಮಲಗಿದರೆ ಎದ್ದು ಕೂರುವುದು, ಸೊಂಟದ ಹಿಂದೆ ಏಪ್ರನ್ನಿನ ಗಂಟು ಹಾಕಿಕೊಳ್ಳಲು ಒದ್ದಾಡುವುದು. ಡಾಕ್ಟರಮ್ಮ ಒಂದೂ ಬಿಡದೆ ಬರೆದುಕೊಂಡಳು. ಆಮೇಲೆ ಚಿಕ್ಕಕ್ಕನ ಮೊಣಕೈ ಮಡಚಿಸಿ, ತೋಳನ್ನು ಎದೆಯ ಮಟ್ಟಕ್ಕೆ ಹಿಡಿದು, ಮುಂಗೈಯನ್ನು ಒಳಕ್ಕೆ ತಿರುಗಿಸಿದಳು. ಚಿಕ್ಕಕ್ಕ ಕೂಗಿಬಿಟ್ಟಳು.

"ನಿಮ್ಮಷ್ಟು ಚೆನ್ನಾಗಿ ಗಮನಿಸಿ ಹೇಳಿದವ್ರು ನಂಗೆ ಸಿಕ್ಕೇ ಇಲ್ಲ" ಅಂದಳು ಡಾಕ್ಟರಮ್ಮ ದೊಡ್ಡಕ್ಕನ ಕಡೆ ತಿರುಗಿ. ದೊಡ್ಡಕ್ಕ ಎದೆ ಉಬ್ಬಿಸಿದಳು. "ನಿಮ್ಮ ತಂಗಿಗೆ ಏನಾಗಿದೆ ಅಂತ ನೀವೇ ಹೇಳಿಬಿಟ್ರಿ. ಭುಜದ ಮೇಲೆ ಒಂದು ಮೂಳೆ ಸೂರಿನ ಹಾಗೆ ಚಾಚಿರುತ್ತೆ. ಅದರಡಿ ಸ್ನಾಯುವಿನ ಒಂದು ಹುರಿ ಹಾದುಹೋಗುತ್ತೆ. ಕೈ ಅರ್ಧ ಎತ್ತಿದಾಗ ಆ ಹುರಿ ಎರಡು ಮೂಳೆ ನಡುವೆ ಸಿಕ್ಕಿ ಉಜ್ಜುತ್ತೆ. ಪೂರ್ತಿ ಮೇಲೆ ಹೋದ್ರೆ ಇಕ್ಕಟ್ಟು ದಾಟಿಹೋಗುತ್ತೆ, ನೋವು ಇಳಿಯುತ್ತೆ. ಶೋಲ್ಡರ್ ಇಂಪಿಂಜ್‌ಮೆಂಟ್ ಅಂತೀವಿ."

"ಸುಳ್ಳು ಹೇಳ್ತಿದ್ರೆ?" ದೊಡ್ಡಕ್ಕನ ಬಾಯಿ ತಡೆಯಲಿಲ್ಲ.

"ಸುಳ್ಳು ಹೇಳೋರು ಕೈ ಮೇಲೆ ಹೋದಷ್ಟೂ ಜಾಸ್ತಿ ಕೂಗ್ತಾರೆ. ನಡುವೆ ನೋವು, ಮೇಲೆ ಹಗುರ. ಇಂಥ ನೋವನ್ನ ಯಾರೂ ಮನೇಲಿ ಕೂತು ಕಟ್ಟಿ ಹೇಳಕ್ಕಾಗಲ್ಲ."

ಮೂರು ತಿಂಗಳು ಕಷ್ಟಪಟ್ಟು ಕೂಡಿಹಾಕಿದ ಸಾಕ್ಷಿಯೆಲ್ಲ ಎದುರು ಪಕ್ಷಕ್ಕೆ ಹೋಗಿ ಕೂತಿತು. ದೊಡ್ಡಕ್ಕ ಕೊನೆಯ ಬಾಣ ಬಿಟ್ಟಳು. "ಹಾಗಾದ್ರೆ ತೊಟ್ಟಿ ಹತ್ರ ಕೂತು ಎಡ ಹೆಗಲು ಯಾಕೆ ಒತ್ಕೋತಿದ್ದೆ? ಕನ್ನಡೀಲಿ ನಾನೇ ಕಣ್ಣಾರೆ ನೋಡಿದೀನಿ."

ಚಿಕ್ಕಕ್ಕ ಅಕ್ಕನ ಕಡೆ ತಿರುಗಿದಳು. "ಯಾವ ಕನ್ನಡೀಲಿ?"

"ದೊಡ್ಡ ಕನ್ನಡೀಲಿ ಕಾಣುತ್ತಲ್ಲ, ಆ ದುಂಡು ಕನ್ನಡೀಲಿ."

"ಅದು ಕನ್ನಡಿಯೊಳಗಿನ ಕನ್ನಡಿ ಅಕ್ಕ. ಒಂದು ತಿರುಗಿಸಿದ್ದನ್ನ ಇನ್ನೊಂದು ವಾಪಸ್ ತಿರುಗಿಸುತ್ತೆ. ಅಲ್ಲಿ ಬಲ ಕಂಡ್ರೆ ಬಲಾನೇ."

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ ಹಿರಿಯರು. ಹದಿನಾಲ್ಕು ವರ್ಷದ ಅಭ್ಯಾಸ ದೊಡ್ಡಕ್ಕನನ್ನು ಪ್ರಮಾಣಿಸಲೂ ಬಿಟ್ಟಿರಲಿಲ್ಲ. ಅವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಬಾಯಿಬಿಡುವುದು ಇನ್ನೂ ಬಾಕಿಯಿತ್ತು. "ಕೆಲಸ ಹದಿನಾಲ್ಕು ವರ್ಷದ್ದು, ನೋವು ಮೂರು ತಿಂಗಳದ್ದು" ಅಂದಳು ಡಾಕ್ಟರಮ್ಮ. "ಅದಕ್ಕೆ ಮುಂಚೆ ಏನಾದ್ರೂ ಬದಲಾಯ್ತಾ?"

"ಮೊದ್ಲು ನಾನು ಮಣೆ ಮೇಲೆ ನಿಂತ್ಕೋತಿದ್ದೆ" ಅಂದಳು ಚಿಕ್ಕಕ್ಕ. ಅಕ್ಕನ ಕಡೆ ನೋಡಲಿಲ್ಲ.

ಐದು ತಿಂಗಳ ಹಿಂದೆ ಅಂಗಡಿಗೆ ಹೊಸ ನೆಲ ಹಾಕಿಸಿದಾಗ ದೊಡ್ಡಕ್ಕ ಆ ಮರದ ಮಣೆಯನ್ನು ಎಸೆದಿದ್ದಳು. ಹೊಸ ಟೈಲ್ಸಿನ ಮೇಲೆ ಹಳೆ ಮಣೆ ಅಸಹ್ಯವಾಗಿ ಕಾಣುತ್ತದೆ ಅಂತ. ಎರಡು ಕುರ್ಚಿಯೂ ಕನ್ನಡಿಯಲ್ಲಿ ಒಂದೇ ಎತ್ತರದಲ್ಲಿ ಕಾಣಬೇಕು, ಯಾರೂ ಕುರ್ಚಿ ಏರಿಳಿಸುವ ಪೆಡಲ್ ಮುಟ್ಟಬಾರದು ಅಂತ ಕಟ್ಟಪ್ಪಣೆಯನ್ನೂ ಮಾಡಿದ್ದಳು. ಆ ಎತ್ತರ ದೊಡ್ಡಕ್ಕನ ಮೊಣಕೈಗೆ ಹೇಳಿಮಾಡಿಸಿದ್ದು. ತಂಗಿಗೆ ಗಿರಾಕಿಯ ನೆತ್ತಿ ಮುಟ್ಟಬೇಕಾದರೆ ಬೆಳಿಗ್ಗೆಯಿಂದ ಸಂಜೆವರೆಗೆ ಕೈ ಆ ಇಕ್ಕಟ್ಟಿನಲ್ಲೇ ಇರಬೇಕು.

"ಒಂದ್ಮಾತು ಕೇಳೋದಲ್ವೇನೇ?" ದೊಡ್ಡಕ್ಕನ ದನಿ ಅರ್ಧಕ್ಕೆ ಇಳಿದಿತ್ತು.

"ಮೂರು ಸಲ ಕೇಳ್ದೆ. ಕುರ್ಚಿ ಇಳಿಸ್ಲಾ ಅಂದ್ರೆ, ಯಾರು ಹೇಳ್ಕೊಟ್ರು ಅಂದೆ ನೀನು. ನಿಜವಾಗ್ಲೂ ಕುರ್ಚಿಯಿಂದ್ಲೇ ನೋವು ಬರ್ತಿದ್ಯಾ ಅಂತ ನೋಡೋಣ ಅಂತ ನೀಲಿ ಬಾಗಿಲಿನವ್ರ ಹತ್ರ ಹೋಗಿ, ತಗ್ಗಿದ ಕುರ್ಚಿ ಹಿಂದೆ ನಿಂತು ನೋಡ್ಬಂದೆ. ಅಲ್ಲಿ ನೋವಾಗ್ಲಿಲ್ಲ."

ಡಾಕ್ಟರಮ್ಮ ಇಬ್ಬರ ನಡುವೆ ಚೀಟಿ ಇಟ್ಟಳು. ಆರು ವಾರ ಕೈ ಎದೆಯ ಮಟ್ಟಕ್ಕಿಂತ ಮೇಲೆ ಹೋಗುವ ಕೆಲಸ ಬೇಡ. ದಿನಕ್ಕೆರಡು ಸಲ ಐಸ್. ಮಲಗುವಾಗ ಎಡಮಗ್ಗುಲು, ಬಲತೋಳಿನ ಕೆಳಗೆ ದಿಂಬು. ಬಾಗಿಲ ಹಿಡಿಗೆ ರಬ್ಬರ್ ಪಟ್ಟಿ ಕಟ್ಟಿ, ಪಕ್ಕೆಗೂ ಮೊಣಕೈಗೂ ನಡುವೆ ಸುತ್ತಿದ ಟವೆಲ್ ಸಿಕ್ಕಿಸಿಕೊಂಡು ಹೊರಕ್ಕೆ ಹದಿನೈದು ಸಲ, ಒಳಕ್ಕೆ ಹದಿನೈದು ಸಲ ಎಳೆಯಬೇಕು. ಬೆನ್ನ ಹಿಂದಿನ ಎರಡೂ ರೆಕ್ಕೆಮೂಳೆಗಳನ್ನು ಹತ್ತಿರ ತಂದು ಐದು ಎಣಿಸಬೇಕು. ಸೂಜಿ ಈಗಲೇ ಬೇಡ, ಆಪರೇಷನ್ ಮಾತೇ ಬೇಡ. "ಹನ್ನೆರಡು ವಾರ ಬಿಡದೆ ಮಾಡಿದ್ರೆ ಬಹುಪಾಲು ಸರಿಹೋಗುತ್ತೆ" ಅಂದಳು.

ದೊಡ್ಡಕ್ಕ ಅಂದು ಸಂಜೆಯೇ ತಂಗಿಯ ಕುರ್ಚಿಯನ್ನು ಪೂರ್ತಿ ಇಳಿಸಿದಳು. ಅದಾದ ಮೇಲೂ ಅವಳ ಮನಸ್ಸಿನಲ್ಲಿ ಒಂದು ಮುಳ್ಳು ಉಳಿಯಿತು, ಎಂಟು ತುರುಬಿನದು. ತಂಗಿ ರಬ್ಬರ್ ಪಟ್ಟಿ ಎಳೆಯುವಾಗಲೆಲ್ಲ ಎದುರು ಕೂತು ಎಣಿಸುವಳು, ಹದಿನಾಲ್ಕಕ್ಕೆ ನಿಲ್ಲಿಸಿದರೆ "ಇನ್ನೊಂದು" ಅನ್ನುವಳು, ಐಸ್ ತಾನೇ ಬಟ್ಟೆಯಲ್ಲಿ ಸುತ್ತಿ ತರುವಳು. ಮುಳ್ಳು ಹೋಗಲಿಲ್ಲ. ನಾಲ್ಕನೇ ವಾರ ಎಣಿಸುತ್ತಾ ಎಣಿಸುತ್ತಾ ಹೇಳಿಯೇಬಿಟ್ಟಳು.

"ಅವತ್ತು ಬ್ಯಾಂಕಿಗೆ ಹೋಗಿರ್ಲಿಲ್ಲ ಕಣೆ. ಟೀ ಅಂಗಡೀಲಿ ಕೂತು ನೋಡ್ತಿದ್ದೆ. ನೀನು ಸುಳ್ಳು ಹೇಳ್ತಿದೀಯ ಅಂತ."

ಪಟ್ಟಿ ಎಳೆಯುತ್ತಿದ್ದ ಕೈ ನಿಂತಿತು. "ಎಂಟೂ ತಲೆ ಮುಗಿಯೋವರೆಗಾ?"

"ಹೂಂ."

ಚಿಕ್ಕಕ್ಕ ಉಳಿದ ಆರು ಸಲ ಎಳೆದು, ಪಟ್ಟಿ ಬಿಚ್ಚಿ ಮಡಚಿಟ್ಟಳು. ದೊಡ್ಡಕ್ಕನಿಗೆ ಬೈಸಿಕೊಂಡಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಹನ್ನೆರಡನೇ ವಾರ ಡಾಕ್ಟರಮ್ಮ ಮತ್ತೆ ಕೈ ಎತ್ತಿಸಿದಳು. ಕೆಳಗಿನಿಂದ ಮೇಲಿನವರೆಗೆ ಮುಖ ಒಂದೇ ಸಮನಾಗಿತ್ತು. "ನೋವು?" "ಇಲ್ಲ." ದೊಡ್ಡಕ್ಕ ಬಗ್ಗಿ ತಂಗಿಯ ಹುಬ್ಬನ್ನೇ ನೋಡುತ್ತಿದ್ದಳು. "ಸುಮ್ನೆ ಇಲ್ಲ ಅಂತಿದೀಯ ತಾನೆ? ನಿಜ ಹೇಳು."

ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ. ಚಿಕ್ಕಕ್ಕ ಕೈ ಇಳಿಸಿದಳು. ಹೊರಗಿನ ಬೆಂಚಿನ ಬಳಿ ಬಂದಾಗ ಹೇಳಿದಳು.

"ಅಕ್ಕ, ಬರೋ ವಾರದಿಂದ ನಾನು ನೀಲಿ ಬಾಗಿಲಿನವ್ರ ಹತ್ರ ಕೆಲಸಕ್ಕೆ ಹೋಗ್ತೀನಿ."

"ಕುರ್ಚಿ ಇಳಿಸಿದೀನಲ್ಲೇ! ಮಣೆ ಬೇಕಾದ್ರೆ ಹೊಸದು ಮಾಡಿಸ್ತೀನಿ."

"ಕುರ್ಚಿಗಲ್ಲ. ನೋವಿದೆ ಅಂದ್ರೆ ನೀನು ನಂಬಲ್ಲ, ಇಲ್ಲ ಅಂದ್ರೂ ನಂಬಲ್ಲ. ನನ್ನ ಕೈ ವಿಷಯ ಡಾಕ್ಟರು ಹೇಳಿದ ಮೇಲೆ ನಂಬಿದೆ. ಎಲ್ಲದಕ್ಕೂ ಡಾಕ್ಟರ ಚೀಟಿ ತರೋಕಾಗುತ್ತಾ? ಹಗಲಿಡೀ ನಿನ್ನ ಕಣ್ಣ ಕೆಳಗೆ ಕೆಲಸ ಮಾಡಕ್ಕೆ ನನ್ನ ಕೈಲಾಗಲ್ಲ ಅಕ್ಕ."

ದೊಡ್ಡಕ್ಕ ಯಾವುದು ಆಗಬಾರದು ಅಂತ ಇಷ್ಟೆಲ್ಲ ಕಾವಲು ಕಾದಳೋ, ಆ ಕಾವಲೇ ಅದನ್ನು ಕರೆದು ಮನೆಯೊಳಗೆ ಕೂರಿಸಿತ್ತು. ಯಾವಾಗ ಮಾತಾಡಿಕೊಂಡಿರಿ, ಮೊದಲೇ ಹೂಡಿದ್ದಾ, ಗಿರಾಕಿಗಳಿಗೆ ಹೇಳಿದ್ದೀಯಾ, ಪ್ರಶ್ನೆಗಳು ನಾಲಿಗೆಯ ತುದಿಯಲ್ಲಿ ಸಾಲುಗಟ್ಟಿ ನಿಂತವು. ಅವಳು ನುಂಗಿಕೊಂಡಳು.

"ಊಟಕ್ಕೆ ಮನೆಗೆ ಬರ್ತೀಯಾ?" ಅಂತ ಮಾತ್ರ ಕೇಳಿದಳು.

"ಬರ್ತೀನಿ. ಎಂಟು ಗಂಟೆಗೆ."

ಮೊದಲ ದಿನ ಎಂಟಾಯಿತು, ಎಂಟೂಕಾಲಾಯಿತು. ಮೆಟ್ಟಿಲಿಳಿದು ಬೀದಿಯ ತಿರುವಿನವರೆಗೆ ಹೋದರೆ ನೀಲಿ ಬಾಗಿಲು ಕಾಣುತ್ತದೆ. ದೊಡ್ಡಕ್ಕ ಎರಡು ಸಲ ಚಪ್ಪಲಿ ಮೆಟ್ಟಿದಳು, ಎರಡು ಸಲವೂ ಬಿಚ್ಚಿದಳು. ಫೋನನ್ನು ದಿಂಬಿನ ಅಡಿಗೆ ತಳ್ಳಿದಳು. ಎರಡು ತಟ್ಟೆ ಇಟ್ಟು, ಕಿಟಕಿಗೆ ಬೆನ್ನು ಹಾಕಿ, ಕೈಕಟ್ಟಿ ಕೂತಳು. ಹದಿನಾಲ್ಕು ವರ್ಷದಲ್ಲಿ ಅಷ್ಟು ಕಷ್ಟದ ಕೆಲಸವನ್ನು ಅವಳು ಮಾಡಿರಲಿಲ್ಲ.

ಎಂಟೂವರೆಗೆ ಮೆಟ್ಟಿಲಲ್ಲಿ ಸದ್ದಾಯಿತು. ಚಿಕ್ಕಕ್ಕ ಬಾಗಿಲಲ್ಲೇ ನಿಂತಳು. ಬೀದಿಯ ಉದ್ದಕ್ಕೂ, ಟೀ ಅಂಗಡಿಯೊಳಗೆ ಹುಡುಕುತ್ತಾ ಬಂದವಳ ಮುಖ ಅದು.

"ಲೇಟಾಯ್ತು. ನೋಡಕ್ಕೆ ಬರ್ಲಿಲ್ವಾ?"

"ಬರ್ತೀನಿ ಅಂದಿದ್ಯಲ್ಲ" ಅಂದಳು ದೊಡ್ಡಕ್ಕ.

ಚಿಕ್ಕಕ್ಕ ಸ್ವಲ್ಪ ಹೊತ್ತು ಅಕ್ಕನ ಮುಖವನ್ನು ಅನುಮಾನದಿಂದಲೇ ನೋಡಿದಳು. ಆಮೇಲೆ ಕೈ ತೊಳೆಯಲು ಒಳಗೆ ಹೋದಳು.